ಎರಡು ಸೀಟಿನ ಸಂಸಾರ

ಅವ್ವನ ಹಿರಿಯಣ್ಣ, ಅಂದರೆ ನನ್ನ ಮಾಮಾ, ಮೂರು ಮಂದಿಯ ಸಂಸಾರ ಇದ್ದಾಗಲೇ ಎರಡು ಸೀಟಿನ ಕಾರು ಕೊಂಡ ಮನುಷ್ಯ. ಈಗ ಮಗಳ ಮದುವೆಯಾಗಿ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಉಳಿದಿದ್ದಾರೆ. "ನೋಡು, ಕಡೀಕೂ ಲೆಕ್ಕ ಸರಿ ಹೋತಲ್ಲ!" ಎಂದು ಮಾಮಾ ನಗುತ್ತಾರೆ. ಮಾಮಿ ನಗುವುದಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರನ್ನು ಲೋಕ ಎರಡೇ ಪಂಗಡ ಮಾಡುತ್ತದೆ: ದುಡ್ಡು ಹೆಚ್ಚಾದವರು, ಇಲ್ಲವೇ ಬುದ್ಧಿ ಕಡಿಮೆಯಾದವರು. ಮಾಮಾ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ಮೊದಲನೆಯ ಪಂಗಡಕ್ಕಂತೂ ಸೇರಲಾರರು. ಎರಡನೆಯದರ ಬಗ್ಗೆ ಮಾಮಿಗೆ ಇನ್ನೂ ಅನುಮಾನವಿದೆ.

ಕಾರು ೧೯೫೭ರ ಎಂ.ಜಿ.ಎ. ಯಾವುದೋ ಕಂಪನಿಯ ಇಂಗ್ಲಿಷ್ ಸಾಹೇಬರು ತಂದದ್ದು. ಅವರು ಊರಿಗೆ ಮರಳುವಾಗ ಇಲ್ಲೇ ಬಿಟ್ಟರು. ಐದಾರು ಕೈ ದಾಟಿ, ಕೊನೆಗೆ ಓಡದ ಸ್ಥಿತಿಯಲ್ಲಿ ಮಜಗಾಂವಿನ ಗೋದಾಮೊಂದರಲ್ಲಿ ಬಿದ್ದಿದ್ದಾಗ, ೧೯೮೬ರಲ್ಲಿ ಮಾಮಾ ಅದನ್ನು ಟೆಂಪೋದ ಹಿಂದೆ ಕಟ್ಟಿ ಮಾಟುಂಗಾಕ್ಕೆ ಎಳೆದು ತಂದರು. ಎಂ.ಜಿ. ಅಂದರೆ ಮಾರಿಸ್ ಗ್ಯಾರೇಜಸ್. ಸೈಕಲ್ ರಿಪೇರಿಯಿಂದ ಶುರುಮಾಡಿ ಕಾರಿನ ದೊರೆಯಾದ ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್‌ನ ಹೆಸರು ಅದು. ೧೯೫೫ರಿಂದ ೧೯೬೨ರವರೆಗೆ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಎಂ.ಜಿ.ಎ.ಗಳು ತಯಾರಾದವು, ಬಹುಪಾಲು ಅಮೆರಿಕಕ್ಕೆ ಹೋದವು. ಆ ಕಾರ್ಖಾನೆ ೧೯೮೦ರಲ್ಲಿ ಮುಚ್ಚಿತು. ಇಂದು ಅದೇ ಅಷ್ಟಕೋನದ ಮುದ್ರೆ ಹೊತ್ತು ನಮ್ಮ ರಸ್ತೆಗಳಲ್ಲಿ ಓಡುವ ಹೊಸ ಕಾರುಗಳಿಗೂ ಇದಕ್ಕೂ ಇರುವುದು ಹೆಸರಿನ ನೆಂಟಸ್ತನ ಮಾತ್ರ.

ಸುಖ ಎಂಬ ಪದಕ್ಕೂ ಈ ಕಾರಿಗೂ ಸಂಬಂಧವಿಲ್ಲ. ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇಲ್ಲ. ಒಳಗೆ ಕೈ ಹಾಕಿ ದಾರ ಎಳೆಯಬೇಕು. ಏರಿಸಿ ಇಳಿಸುವ ಗಾಜಿಲ್ಲ. ಸೀಟಿನ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳು ಅಡಗಿ ಕುಳಿತಿವೆ. ಒಳಗೆ ಕೂತರೆ ಬೆಸ್ಟ್ ಬಸ್ಸಿನ ಚಕ್ರ ನಮ್ಮ ಕಿವಿಯ ಮಟ್ಟಕ್ಕೆ ಬರುತ್ತದೆ. ಹೋಗಲಿ, ಓಟವಾದರೂ ಉಂಟೇ ಎಂದರೆ, ೧೪೮೯ ಸಿ.ಸಿ. ಇಂಜಿನ್ನಿಗೆ ಸುಮಾರು ೭೦ ಅಶ್ವಶಕ್ತಿ. ಇಂದಿನ ಸಣ್ಣ ಕಾರುಗಳು ೧೨೦೦ ಸಿ.ಸಿ.ಯಲ್ಲೇ ೮೦ ಕೊಡುತ್ತವೆ.

"ಮತ್ತ ಇದರಾಗ ಸ್ಪೋರ್ಟ್ಸ್ ಎಲ್ಲೈತಿ ಮಾಮಾ?" ಎಂದು ಒಮ್ಮೆ ಕೇಳಿದೆ. ಮಾಮಾ ಬಾಯಲ್ಲಿ ಉತ್ತರ ಹೇಳಲಿಲ್ಲ. ಭಾನುವಾರ ನಸುಕಿನಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಖೋಪೋಲಿ ದಾಟಿ ಬೋರ್ ಘಾಟ್ ಹತ್ತಿಸಿದರು. ಮುಂದೆ ಲಾರಿಯೊಂದು ತೆವಳುತ್ತಿತ್ತು. ಈ ಕಾರಿನ ಒಂದನೆಯ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಗಾಡಿ ಚಲಿಸುತ್ತಿರುವಾಗ ಒಂದನೆಯದಕ್ಕೆ ಇಳಿಸಬೇಕಾದರೆ ಕ್ಲಚ್ ಒತ್ತಿ, ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಎಕ್ಸಿಲರೇಟರನ್ನು ಹದವಾಗಿ ಒಮ್ಮೆ ತುಳಿದು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಇಂಜಿನ್ನಿನ ವೇಗವೂ ಚಕ್ರದ ವೇಗವೂ ಕೂಡಿದರೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ. ಕೂಡದಿದ್ದರೆ ಹಲ್ಲು ಕಡಿಯುತ್ತದೆ. ಮಾಮಾನ ಕಾಲಿನಲ್ಲಿ ಅದು ಸಪ್ಪಳವಿಲ್ಲದೆ ಇಳಿಯಿತು. ಮೂವತ್ತು ಕಿಲೋಮೀಟರ್ ವೇಗವೂ ಇರಲಿಲ್ಲ, ಆದರೆ ಆ ತಿರುವಿನಲ್ಲಿ ಮಾಮಾನ ಕೈ, ಕಾಲು, ಕಿವಿ ಯಾವುದೂ ಖಾಲಿ ಕೂತಿರಲಿಲ್ಲ. ನನಗೆ ಉತ್ತರ ಸಿಕ್ಕಿತು.

ಇಂಥ ಕಾರು ಮುಂಬಯಿಯಲ್ಲಿ ಇಷ್ಟು ದಿನ ಬದುಕಿದ್ದಕ್ಕೆ ಒಂದು ಗುಟ್ಟಿದೆ. ಮಾಮಾ ಇದನ್ನು ತಂದ ಹೊಸದರಲ್ಲಿ ಕುಂದಾಪುರದ ಕಡೆಯ ಮೇಸ್ತ್ರಿಯೊಬ್ಬರು ಬಾನೆಟ್ ಎತ್ತಿ ನೋಡಿ, "ಎಂತ ಮಾರಾಯ್ರೆ, ಇದು ನಮ್ಮ ಅಂಬಾಸಿಡರ್ ಇಂಜಿನ್ನೇ ಅಲ್ದಾ?" ಎಂದರಂತೆ. ನಿಜ. ನಮ್ಮ ಸರಕಾರಿ ಸಾಹೇಬರನ್ನು ದಶಕಗಳ ಕಾಲ ಹೊತ್ತು ತಿರುಗಿದ ಅಂಬಾಸಿಡರಿನದೂ ಇದೇ ವಂಶದ, ಇದೇ ೧೪೮೯ ಸಿ.ಸಿ.ಯ ಇಂಜಿನ್. ಅದಕ್ಕೆ ಒಂದು ಕಾರ್ಬುರೇಟರ್, ಇದಕ್ಕೆ ಎರಡು. ಆ ಎರಡನ್ನು ಹೊಂದಿಸುವುದೇ ಒಂದು ವಿದ್ಯೆ. ಮೇಸ್ತ್ರಿ ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದೇ ಕಾರ್ಬುರೇಟರಿನ ಬಾಯಿಗೆ ಹಿಡಿದು, ಎರಡರ ಉಸಿರಾಟದ ಸಪ್ಪಳ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಾರೆ. ಅಂಬಾಸಿಡರ್ ತಯಾರಿಕೆ ೨೦೧೪ರಲ್ಲಿ ನಿಂತಿತು. ಮೇಸ್ತ್ರಿಗೂ ವಯಸ್ಸಾಗಿದೆ. ಬಿಡಿಭಾಗಗಳನ್ನು ಬ್ರಿಟನ್ನಿನಿಂದ ತರಿಸಬಹುದು, ಅಲ್ಲಿ ಎಂ.ಜಿ. ಕಾರ್ ಕ್ಲಬ್ ೧೯೩೦ರಿಂದ ಇದೆ, ರಬ್ಬರ್ ವಾಷರಿನಿಂದ ಮಡ್‌ಗಾರ್ಡಿನವರೆಗೆ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಸುಂಕ ಕಟ್ಟಿದಾಗಲೆಲ್ಲ ಮಾಮಿ, "ಈ ರೊಕ್ಕದಾಗ ಎರಡು ಬಂಗಾರದ ಬಳಿ ಬರತಿದ್ವು" ಎನ್ನುತ್ತಾರೆ. ಆದರೆ ಆ ಕಿವಿಯನ್ನು ಯಾವ ಅಂಚೆಯಲ್ಲಿ ತರಿಸುವುದು?

ಮಾಮಾನ ಸಿದ್ಧಾಂತ ಒಂದೇ: "ಗಾಡಿ ನಿಂತ್ರ ಸಾಯ್ತದ, ಓಡಿದ್ರ ಬದಕತದ." ಇದು ಬರೀ ಮಾತಲ್ಲ. ನಿಂತ ಕಾರಿನಲ್ಲಿ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಕಟ್ಟುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕಿನ ಸಿಲಿಂಡರುಗಳು ಹಿಡಿದುಕೊಳ್ಳುತ್ತವೆ. ಈಗಂತೂ ಪೆಟ್ರೋಲಿನಲ್ಲಿ ಶೇಕಡಾ ೨೦ ಇಥನಾಲ್ ಬೇರೆ. ಅದು ಗಾಳಿಯ ತೇವ ಹೀರುತ್ತದೆ, ಆ ಕಾಲದ ರಬ್ಬರನ್ನು ತಿನ್ನುತ್ತದೆ.

ಹೋದ ವರ್ಷ ಮಾಮಾನ ಎಡ ಮೊಣಕಾಲು ಕೈಕೊಟ್ಟಿತು. ಕ್ಲಚ್ ತುಳಿಯಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಎರಡು ತಿಂಗಳು ಕಾರು ಹೊದಿಕೆಯ ಕೆಳಗೆ ಮಲಗಿತು. ಮಾಮಾ ಕಿಟಕಿಯ ಹತ್ತಿರ ಕೂತರು. ಸುದ್ದಿ ಹೇಗೆ ಹಬ್ಬಿತೋ, ಪುಣೆಯಿಂದ ಉದ್ಯಮಿಯೊಬ್ಬರು ಬಂದರು. ನಮ್ಮ ಕಡೆಯವರೇ. ಅವರು ಹೇಳಿದ ಬೆಲೆ ಕೇಳಿ ಅವ್ವನ ಕೈಯಲ್ಲಿದ್ದ ಚಹದ ಬಸಿ ಅಲುಗಾಡಿತು.

"ಇಟ್ಟುಕೊಂಡು ಏನ್ ಮಾಡವ್ರಿ?" ಮಾಮಾ ಕೇಳಿದರು.

"ಬಂಗಲೆಯ ಹಾಲಿನಾಗ ಗಾಜಿನ ಗೋಡೆ ಹಾಕಿಸೇನ್ರಿ. ಛಲೋ ಕಾಣತದ."

"ಓಡಸಂಗಿಲ್ಲೇನು?"

"ಒಮ್ಮೊಮ್ಮೆ. ಡ್ರೈವರ್ ಇದ್ದಾನಲ್ರಿ."

ಇಲ್ಲಿಯವರೆಗೆ ಒಳಗೇ ಇದ್ದ ಮಾಮಿ ಬಾಗಿಲಿಗೆ ಬಂದು ನಿಂತರು. "ಇರೋದು ಎರಡು ಸೀಟು. ಒಂದರಾಗ ಡ್ರೈವರ್, ಒಂದರಾಗ ನೀವು. ನಿಮ್ಮ ಮನೆಯವರು ಎಲ್ಲಿ ಕೂಡ್ತಾರ್ರಿ?"

ಉದ್ಯಮಿಗಳು ನಕ್ಕರು. ಮಾಮಿ ನಗಲಿಲ್ಲ. ವ್ಯವಹಾರ ಅಲ್ಲಿಗೆ ಮುಗಿಯಿತು. ಬಳೆಯ ಲೆಕ್ಕ ಹಾಕುತ್ತಿದ್ದ ಮಾಮಿಯೇ ಲಕ್ಷಗಳನ್ನು ಬಾಗಿಲಿನಿಂದ ಹೊರಗೆ ಕಳಿಸಿದ್ದನ್ನು ಮಾಮಾ ಸ್ವಲ್ಪ ಹೊತ್ತು ನಂಬಲಾರದೆ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಭಾನುವಾರ ಐದು ಗಂಟೆಕ್ಕ ಬಾ" ಎಂದರು.

ಆರು ತಿಂಗಳಿಂದ ನಾನೇ ಸಾರಥಿ. ಒಂದನೆಯ ಗೇರು ಹತ್ತರಲ್ಲಿ ಏಳು ಸಲ ಸಪ್ಪಳವಿಲ್ಲದೆ ಬೀಳುತ್ತದೆ. ಉಳಿದ ಮೂರು ಸಲ ಮಾಮಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪ್ರತಿ ತಿಂಗಳು ಮೇಸ್ತ್ರಿ ಬಂದಾಗ ನಳಿಗೆಯನ್ನು ನನ್ನ ಕಿವಿಗೂ ಇಡುತ್ತಾರೆ. ಎರಡು ಉಸಿರುಗಳ ವ್ಯತ್ಯಾಸ ಈಗೀಗ ತಿಳಿಯುತ್ತಿದೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಇದೆಲ್ಲ ಬೇಕಾಗಿತ್ತೇ ಎಂದು ಅಪ್ಪ ಕೇಳುತ್ತಾರೆ. ಬೇಕಾಗಿತ್ತು ಎಂದೇ ನನಗನ್ನಿಸುತ್ತದೆ.

ತಕರಾರು ಒಂದೇ ಉಳಿದಿದೆ. ನಾನು ಓಡಿಸಿ ಮಾಮಾ ಪಕ್ಕಕ್ಕೆ ಕೂತರೆ ಸೀಟು ತುಂಬಿತು. ಮೊನ್ನೆ ಮಾಮಿ ಬಾಲ್ಕನಿಯಿಂದಲೇ ಕೂಗಿ ಹೇಳಿದರು: "ಮುಂದಿನ ವಾರ ಅವನ ಜೋಡಿ ನಾ ಹೋಗಾಕಿ. ನೀವು ಮನ್ಯಾಗ ಕೂತು ರೊಟ್ಟಿ ಬಡೀರಿ!"