ಹಿಂದಿನ ಗಾಜು ಯಾರ ಲೆಕ್ಕಕ್ಕೆ?

ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದರೆ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪದರ ಇಟ್ಟು ಅಂಟಿಸಿರುವುದರಿಂದ ಒಡೆದರೂ ಹಿಡಿದುಕೊಂಡಿರುತ್ತದೆ. ಹಿಂದಿನ ಗಾಜಿನದು ಬೇರೆಯೇ ಜಾತಿ. ಅದನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ನಂತರ ಎರಡೂ ಕಡೆಯಿಂದ ಗಾಳಿ ಊದಿ ಗಬಕ್ಕನೆ ತಣಿಸಿರುತ್ತಾರೆ. ಮೇಲ್ಮೈ ಒಳಕ್ಕೆ ಅದುಮಿಕೊಂಡು, ಒಡಲು ಹೊರಕ್ಕೆ ಎಳೆದುಕೊಂಡು, ಜಗಳವಾಡುತ್ತಲೇ ಗಟ್ಟಿಯಾಗಿ ನಿಂತ ಗಾಜು ಅದು. ಎಲ್ಲೋ ಒಂದು ಕಡೆ ಆ ಜಗಳ ಬಿಚ್ಚಿಕೊಂಡರೆ ಮುಗಿಯಿತು. ಬಿರುಕಿಲ್ಲ, ಸೀಳಿಲ್ಲ, ಒಂದೇ ಕ್ಷಣಕ್ಕೆ ಇಡೀ ಗಾಜು ಪುಡಿ. ನಮ್ಮ ಬೆನ್ನ ಹಿಂದೆ ಪಟಾಕಿ ಹೊಡೆದಂಥ ಸದ್ದು ಬಂದು, ತಿರುಗಿ ನೋಡುವಷ್ಟರಲ್ಲಿ ಸೀಟಿನ ಮೇಲೆಲ್ಲ ಕಲ್ಲುಸಕ್ಕರೆ ಸುರಿದಂತಾಗಿತ್ತು.

ಕೊಳೆ ರೋಗದಿಂದ ಅಡಿಕೆ ಕಳೆದುಕೊಂಡವರನ್ನು ಮಾತಾಡಿಸಿಕೊಂಡು ಸಿದ್ದಾಪುರದಿಂದ ತಾಳಗುಪ್ಪದ ಕಡೆ ಬರುತ್ತಿದ್ದೆವು. ಅಕ್ಟೋಬರ್ ಮೊದಲ ವಾರ. ರಸ್ತೆ ಬದಿಯಲ್ಲಿ ಮಳೆಗಾಲದ ಹುಲ್ಲು ಎದೆಯೆತ್ತರ ಬೆಳೆದಿತ್ತು, ನಾಲ್ಕು ಜನ ವೀಡ್ ಕಟರ್ ಹಿಡಿದು ಹೊಡೆಯುತ್ತಿದ್ದರು. ಅವರನ್ನು ದಾಟಿ ಒಂದು ಮಾರು ಹೋಗಿದ್ದೆವೋ ಇಲ್ಲವೋ, ಕಲ್ಲು ಬಂತು. ಮಶೀನ್ ಹಿಡಿದ ಹುಡುಗ ಅದನ್ನು ಹೆಗಲಿಂದ ಇಳಿಸದೆಯೇ ಓಡಿ ಬಂದ. ಹಾವೇರಿ ಕಡೆಯವನು. "ಹುಲ್ಲಾಗ ಕಲ್ಲ ಕಾಣಂಗಿಲ್ರೀ ಅಕ್ಕಾರ, ಬೇಕಂತ ಮಾಡಿಲ್ರೀ" ಅಂದ. ಯಾರೂ ಬೇಕಂತ ಮಾಡಿದ್ದು ಅಂದಿರಲಿಲ್ಲ. ನಾವು ನೋಡುತ್ತಿದ್ದುದು ಅವನ ಮಶೀನನ್ನು. ತಿರುಗುವ ಬ್ಲೇಡಿನ ಹಿಂಬದಿಗೆ ಒಂದು ಗಾರ್ಡ್ ಇರಬೇಕು, ಕಲ್ಲು ಸಿಡಿದರೆ ತಡೆಯಲಿಕ್ಕೆ. ಅಲ್ಲಿ ಬರೀ ಎರಡು ಬೋಲ್ಟಿನ ತೂತುಗಳಿದ್ದವು.

"ಗಾರ್ಡ್ ಎಲ್ಲಿ?"

"ಮಶೀನ್ ನಮ್ಮ ಕೈಗೆ ಬರೂ ಮುಂದನ ಇದ್ದಿಲ್ರೀ."

ಉಳಿದ ಮೂರು ಮಶೀನುಗಳಲ್ಲೂ ಇರಲಿಲ್ಲ. ಒದ್ದೆ ಹುಲ್ಲು ಸಿಕ್ಕಿಕೊಳ್ಳುತ್ತದೆಂದು ತೋಟಗಳಲ್ಲೂ ಗಾರ್ಡ್ ಬಿಚ್ಚಿಡುವವರಿದ್ದಾರೆ. ಆದರೆ ತೋಟದಲ್ಲಿ ಸಿಡಿದ ಕಲ್ಲು ಅಡಿಕೆ ಮರಕ್ಕೆ ಬಡಿಯುತ್ತದೆ, ರಸ್ತೆ ಬದಿಯಲ್ಲಿ ಸಿಡಿದದ್ದು ಬೈಕಿನಲ್ಲಿ ಹೋಗುವವರ ಕಣ್ಣಿಗೂ ಬಡಿಯಬಹುದು. ನಾವು ನಾಲ್ಕೂ ಮಶೀನುಗಳ ಫೋಟೊ ತೆಗೆದುಕೊಂಡೆವು.

ಗಾಡಿ ನಮ್ಮದಲ್ಲ. ನಮ್ಮಲ್ಲೊಬ್ಬಳ ಅಣ್ಣನದು. ಸಾಗರದಲ್ಲಿ ಅಡಿಕೆ ವ್ಯಾಪಾರ, ಎರಡು ವರ್ಷ ಲೆಕ್ಕ ಹಾಕಿ ಹಾಕಿ ಕೊಂಡ ಹೈಬ್ರಿಡ್ ಎಸ್‌ಯುವಿ. ಬಿಡದಿಯ ಕಾರ್ಖಾನೆಯಿಂದ ಬಂದದ್ದು. ಅಲ್ಲಿಯವರೆಗೆ ನಮಗೆ ಹೈಬ್ರಿಡ್ ಅಂದರೆ ಪೆಟ್ರೋಲ್ ಕಡಿಮೆ ಕುಡಿಯುವ ಗಾಡಿ ಎಂದಷ್ಟೇ. ಅದರ ದೊಡ್ಡ ಬ್ಯಾಟರಿ ಎಲ್ಲಿರುತ್ತದೆ ಎಂಬ ಪ್ರಶ್ನೆ ಎದ್ದದ್ದು ಪಶ್ಚಿಮದ ಕಡೆ ಮೋಡ ಕಪ್ಪಾದಾಗ. ಫೋನ್ ಮಾಡಿದರೆ ಅಣ್ಣ ಗಾಜಿನ ವಿಷಯ ಕೇಳುವ ಮೊದಲು ಕೇಳಿದ್ದು, "ಡಿಕ್ಕಿಗೆ ನೀರು ಹೋಯ್ತಾ?"

170ಕ್ಕಿಂತ ಹೆಚ್ಚು ವೋಲ್ಟಿನ ಬ್ಯಾಟರಿ ಆ ಗಾಡಿಯ ಡಿಕ್ಕಿಯ ನೆಲದಡಿ ಕುಳಿತಿದೆ. ಗಟ್ಟಿ ಪೆಟ್ಟಿಗೆಯೊಳಗಿರುವುದರಿಂದ ನಾಲ್ಕು ಹನಿ ಮಳೆಗೆ ಏನೂ ಆಗದು, ನಿಜ. ಆದರೆ ಅದಕ್ಕೆ ಸೆಕೆಯಾಗುತ್ತದೆ. ತಣ್ಣಗಿರಲು ಅದು ನಾವು ಕೂರುವ ಜಾಗದ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಿಂದಿನ ಸೀಟಿನ ಬಳಿ ಅದಕ್ಕೊಂದು ಜಾಲರಿ ಇದೆ. ನಾವೆಲ್ಲ ಅದನ್ನು ಏಸಿಯ ಕಿಂಡಿ ಎಂದುಕೊಂಡು ಬ್ಯಾಗು ಒರಗಿಸುತ್ತಿದ್ದ ಜಾಗ. ಆ ಜಾಲರಿಗೆ ನೀರಾಗಲಿ ಕಸವಾಗಲಿ ಹೋಗಕೂಡದು, ಅದನ್ನು ಮುಚ್ಚಲೂಕೂಡದು ಎಂದು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲೇ ಇದೆ. ಈಗ ಅದರ ಮೇಲೂ ಕಲ್ಲುಸಕ್ಕರೆ ಬಿದ್ದಿತ್ತು. ಬೇರೆ ಕಾರಾದರೆ ಗುಡಿಸಿ ಹಾಕಿ ಹೊರಡಬಹುದು. ಇಲ್ಲಿ ಗಾಡಿ ಆಫ್ ಮಾಡಿ ಚೂರುಗಳನ್ನು ಒಂದೊಂದಾಗಿ ಹೆಕ್ಕಿದೆವು. ಹುಡುಗನೂ ಹೆಕ್ಕಿದ. ಹತ್ತಿರದ ಮನೆಯವರು ಅಡಿಕೆ ಮುಚ್ಚುವ ದಪ್ಪ ಪ್ಲಾಸ್ಟಿಕ್ ಹಾಳೆ ಕೊಟ್ಟರು. ಅದನ್ನು ಒಡೆದ ಜಾಗಕ್ಕೆ ಕಟ್ಟಿ ನಿಧಾನಕ್ಕೆ ಸಾಗರ ಸೇರಿದೆವು. ದಾರಿಯುದ್ದಕ್ಕೂ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು.

ಮರುದಿನ ಸರ್ವಿಸ್ ಸೆಂಟರಿನವರು ಗಾಜು ಸ್ಟಾಕಿಲ್ಲ, ಬೆಂಗಳೂರಿನಿಂದ ತರಿಸಬೇಕು, ಐದು ದಿನ ಅಂದರು. ಗಾಜು, ಅಂಟು, ಕೂಲಿ ಎಲ್ಲ ಸೇರಿ 13,400 ರೂಪಾಯಿ. ಇನ್ಶೂರೆನ್ಸ್ ಕ್ಲೇಮ್ ಮಾಡುವುದಿದ್ದರೆ ಸರ್ವೇಯರ್ ನೋಡುವ ತನಕ ಕೈ ಹಚ್ಚುವಂತಿಲ್ಲ. ಮಾಡುತ್ತೀರಾ ಇಲ್ಲವಾ ಹೇಳಿ ಎಂದರು.

ಇದಕ್ಕೇನು ಯೋಚನೆ ಅನ್ನಿಸಿತು ನಮಗೆ. ಕಂತು ಕಟ್ಟುವುದು ಮತ್ತೇಕೆ? ಗಾಜಿನ ವಿಷಯದಲ್ಲಂತೂ ಇನ್ಶೂರೆನ್ಸ್ ಉದಾರಿ. ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಸವಕಳಿ ಎಂದು ಅರ್ಧ ಹಣ ಕಡಿಯುತ್ತಾರೆ, ಗಾಜಿಗೆ ಕಡಿಯುವುದೇ ಇಲ್ಲ. 1500 ಸಿಸಿ ಒಳಗಿನ ಕಾರಿಗೆ ಮೊದಲ 1000 ರೂಪಾಯಿ ನಮ್ಮ ಕೈಯಿಂದ, ಉಳಿದದ್ದು ಅವರದು. ಅಂದರೆ ಅಣ್ಣನಿಗೆ 12,400 ಬರಬೇಕು. ಅಣ್ಣ ಮಾತಾಡಲಿಲ್ಲ. ಅಡಿಕೆ ಚೀಟಿ ಬರೆಯುವ ಪುಸ್ತಕದ ಹಿಂದಿನ ಹಾಳೆ ತಿರುವಿದ.

ಕ್ಲೇಮ್ ಮಾಡದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಇದೆ. ಮೊದಲ ವರ್ಷಕ್ಕೆ 20 ಪರ್ಸೆಂಟ್, ಆಮೇಲೆ 25, 35, 45, ಕೊನೆಗೆ 50ಕ್ಕೆ ನಿಲ್ಲುತ್ತದೆ. ಒಂದು ಸಲ ಕ್ಲೇಮ್ ಮಾಡಿದರೆ ಏಣಿಯಾಟದ ಹಾವು ನುಂಗಿದಂತೆ ಸೊನ್ನೆಗೆ ಇಳಿದು ಮತ್ತೆ ಹತ್ತಬೇಕು. ಅಣ್ಣ 25ರಲ್ಲಿದ್ದ. ಅವನ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮುಂಚೆ ಸುಮಾರು 14,000. ಕ್ಲೇಮ್ ಮಾಡದಿದ್ದರೆ ಮುಂದಿನ ನಾಲ್ಕು ವರ್ಷ 35, 45, 50, 50. ಮಾಡಿದರೆ 0, 20, 25, 35. ವ್ಯತ್ಯಾಸ 4,900, 3,500, 3,500, 2,100. ಕೂಡಿದರೆ 14,000. ಗಾಡಿ ಹಳತಾದಂತೆ ಪ್ರೀಮಿಯಂ ಒಂದಿಷ್ಟು ಇಳಿಯುತ್ತದೆ ಎಂದು ಹಿಡಿದರೂ ಲಾಭವೇನೂ ಕಾಣದು. ಬೋನಸ್ ಉಳಿಸಿಕೊಡುವ ಬೇರೆ ಕವರ್ ಸಿಗುತ್ತದೆ, ಅಣ್ಣನ ಪಾಲಿಸಿಯಲ್ಲಿ ಅದಿರಲಿಲ್ಲ. "ಅವರು ಕೊಟ್ಟ ಹಾಗೆ ಮಾಡೋದು, ನಾನು ಕಂತಲ್ಲಿ ತೀರಿಸೋದು" ಎಂದು ಪೆನ್ನು ಮುಚ್ಚಿದ. ನಾವು ಮೂವರು ಪತ್ರಿಕೋದ್ಯಮ ಓದಿದವರು ಆ ಹಾಳೆಯ ಫೋಟೊ ತೆಗೆದುಕೊಂಡೆವು. ಪ್ರೀಮಿಯಂ ಕಟ್ಟುವ ಪ್ರತಿಯೊಬ್ಬರೂ ಸಣ್ಣ ಕ್ಲೇಮಿಗೆ ಮುಂಚೆ ಈ ಲೆಕ್ಕ ಹಾಕಿ ನೋಡಬೇಕು.

ಹಾಗಾದರೆ ಹಣ ಎಲ್ಲಿಂದ? ಕಲ್ಲು ಸಿಡಿಸಿದ ಮಶೀನಿನ ಮಾಲೀಕನಿಂದ. ಕೆಲಸದ ವೇಳೆ ಕೆಲಸಗಾರನಿಂದ ಆದ ನಷ್ಟಕ್ಕೆ ಕೆಲಸ ಕೊಟ್ಟವನು ಹೊಣೆ ಎಂಬುದು ಕೋರ್ಟುಗಳು ಬಹುಕಾಲದಿಂದ ಒಪ್ಪಿದ ಮಾತು. ಅಣ್ಣ ಗುತ್ತಿಗೆದಾರನಿಗೆ ಫೋನ್ ಮಾಡಿದ. ಆಸಾಮಿ ಬಹಳ ಮರ್ಯಾದಸ್ಥ. "ಕೊಡೋಣ ಸಾರ್, ಅದಕ್ಕೇನು. ಕೆಲಸಗಾರನ ನಿರ್ಲಕ್ಷ್ಯದಿಂದ ಆಯ್ತು ಅಂತ ಒಂದು ಕಾಗದ ಬರೆದು ಕೊಡಿ. ಅವನ ಪಗಾರದಲ್ಲಿ ತಿಂಗಳು ತಿಂಗಳು ಹಿಡಿದು ನಿಮಗೆ ಮುಟ್ಟಿಸ್ತೀನಿ." ಹುಡುಗನಿಗೆ ದಿನಕ್ಕೆ 700 ರೂಪಾಯಿ. ಹತ್ತೊಂಬತ್ತು ದಿನದ ಕೂಲಿ ಒಂದು ಗಾಜಿಗೆ.

ಆ ರಾತ್ರಿ ಅಣ್ಣನ ಮನೆಯಲ್ಲಿ ಜೋರು ಮಾತಾಯಿತು. ಅಣ್ಣನದು ತಪ್ಪು ಅನ್ನಲಾರೆವು. ಅವನ ಗಾಡಿ, ಅವನ ಸಾಲ, ಒಡೆದದ್ದು ಯಾರೋ. "ನಾನ್ಯಾಕೆ ಬಿಡಲಿ? ಯಾರ ಪಗಾರದಲ್ಲಿ ಹಿಡೀತಾನೆ ಅನ್ನೋದು ಅವನ ಪಾಡು" ಅಂದ. ನಾವು ಗಾರ್ಡಿಲ್ಲದ ಮಶೀನಿನ ಫೋಟೊ ತೋರಿಸಿದೆವು. ಕಾಗದದಲ್ಲಿ ನಿರ್ಲಕ್ಷ್ಯ ಅಂತ ಬರೆದರೆ ಅದು ಸುಳ್ಳು ಅಂದೆವು. ಅತ್ತಿಗೆ ಊಟಕ್ಕೆ ಕರೆಯುವವರೆಗೂ ಯಾರೂ ಸೋಲಲಿಲ್ಲ.

ಭಾನುವಾರ ಆ ಹುಡುಗ ತಾನೇ ಅಣ್ಣನ ಅಂಗಡಿ ಹುಡುಕಿಕೊಂಡು ಬಂದ. ಪ್ಯಾಂಟಿನ ಜೇಬಿನಿಂದ ಮಡಚಿದ 1,500 ರೂಪಾಯಿ ತೆಗೆದು ಮೇಜಿನ ಮೇಲಿಟ್ಟು, "ಉಳದದ್ದು ವಾರಾ ವಾರಾ ಕೊಡ್ತೇನ್ರೀ ಸಾವ್ಕಾರ" ಅಂದ. ಅಣ್ಣ ಸಿಟ್ಟು ಮಾಡಲು ನೋಡಿದ, ಬರಲಿಲ್ಲ. ಚಹಾ ತರಿಸಿದ. ಊರು ಯಾವುದು, ಮನೆಯಲ್ಲಿ ಯಾರ್‍ಯಾರು ಎಂದೆಲ್ಲ ಕೇಳಿದ. ಹೋಗುವಾಗ ದುಡ್ಡನ್ನು ಅವನ ಅಂಗಿಯ ಜೇಬಿಗೇ ತುರುಕಿ ಕಳಿಸಿದ. ಆಮೇಲೆ ನಮ್ಮ ಕಡೆ ನೋಡಿ, "ನೀವೇ ಬರೀರಿ ಆ ಕಾಗದ, ನಿಮಗೆ ಕಲಿಸಿದಾರಲ್ಲ" ಅಂದ. ಬರೆದೆವು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಡೆ ನಾಲ್ಕು ಮಶೀನು ಕೆಲಸ ಮಾಡುತ್ತಿದ್ದವು, ಒಂದರಲ್ಲೂ ಗಾರ್ಡ್ ಇರಲಿಲ್ಲ, ರಸ್ತೆಯಲ್ಲಿ ಎಚ್ಚರಿಕೆಯ ಫಲಕ ಇರಲಿಲ್ಲ, ಕಲ್ಲು ಸಿಡಿದು ಗಾಜು ಒಡೆಯಿತು. ನಿರ್ಲಕ್ಷ್ಯ ಎಂಬ ಪದ ಎಲ್ಲೂ ಬಳಸಲಿಲ್ಲ. ನಾಲ್ಕು ಫೋಟೊ ಸೇರಿಸಿ ಗುತ್ತಿಗೆದಾರನಿಗೆ ಕಳಿಸಿದೆವು.

ಬುಧವಾರ ಗಾಜು ಬಂತು. ಕೂರಿಸಿದ್ದು ಸಾಗರದಲ್ಲೇ ಬಸ್ಸು, ಲಾರಿಗಳಿಗೆ ಗಾಜು ಹಾಕುವ ಭಾಯಿ. ಅಣ್ಣನಿಗೆ ಮೊದಲು ಧೈರ್ಯವಿರಲಿಲ್ಲ, ಹೈಬ್ರಿಡ್ ಗಾಡಿ ಅಂತ. ಭಾಯಿ ಹೊಸ ಗಾಜಿನ ಮೂಲೆಯ ಐಎಸ್ಐ ಗುರುತು ನೋಡಿ, ಡಿಕ್ಕಿ ತೆರೆದಿಟ್ಟು, ಆಮೇಲೆ 12 ವೋಲ್ಟಿನ ಸಣ್ಣ ಬ್ಯಾಟರಿಯ ಮೈನಸ್ ತಂತಿ ಬಿಡಿಸಿದರು. ಮೊದಲೇ ತಂತಿ ಬಿಡಿಸಿದರೆ ಡಿಕ್ಕಿ ತೆರೆಯುವ ಸ್ವಿಚ್ಚಿಗೇ ಕರೆಂಟಿರುವುದಿಲ್ಲವಂತೆ. ಕೀಲಿಯನ್ನು ಅಣ್ಣನ ಕೈಗೆ ಕೊಟ್ಟು, "ಇದನ್ನ ತಗೊಂಡು ಆಚೆ ಹೋಗಿ ಕೂತ್ಕೊಳಿ. ಈ ಗಾಡಿ ಸದ್ದಿಲ್ಲದೆ ಜೀವಂತ ಇರುತ್ತೆ, ಮಲಗಿದೆ ಅಂತ ಕೈ ಹಾಕಿದರೆ ಎದ್ದುಬಿಡುತ್ತೆ" ಅಂದರು. ರೆಡಿ ಎಂಬ ದೀಪ ಉರಿಯುತ್ತಿದ್ದರೆ ಇಂಜಿನ್ ನಿಂತಿದ್ದರೂ ಗಾಡಿ ಚಾಲೂ ಇದೆ ಎಂದೇ ಲೆಕ್ಕ. ಕಿತ್ತಳೆ ಬಣ್ಣದ ತಂತಿ ಎಲ್ಲಿ ಕಂಡರೂ ಮುಟ್ಟಬಾರದು ಎಂಬುದೂ ಅವರಿಗೆ ಗೊತ್ತಿತ್ತು. ಯಾರು ಹೇಳಿಕೊಟ್ಟರು ಎಂದರೆ, "ಫೋನಲ್ಲಿ ಎಲ್ಲಾ ಇದೆಯಲ್ಲ" ಎಂದು ನಕ್ಕರು.

ಬಸ್ಸಿನ ಗಾಜಿಗೆ ಅಂಟು ಬೇಕಿಲ್ಲ, ಬೀಡಿಂಗ್ ಸಾಕು. ರಬ್ಬರಿನ ಸೀಳಿಗೆ ಹಗ್ಗ ಹೂಡಿ, ಹೊರಗಿನಿಂದ ಒಬ್ಬ ಒತ್ತಿದರೆ ಒಳಗಿನಿಂದ ಇನ್ನೊಬ್ಬ ಹಗ್ಗ ಎಳೆಯುತ್ತಾ ಬರುತ್ತಾನೆ, ರಬ್ಬರಿನ ತುಟಿ ತಗಡಿನ ಮೇಲೆ ಕೂರುತ್ತಾ ಹೋಗುತ್ತದೆ. ಈ ಗಾಡಿಯದು ಪೂರ್ತಿ ಅಂಟಿನ ವ್ಯವಹಾರ. ವೈಪರ್ ಬಿಚ್ಚಿದರು. ಚೌಕಟ್ಟಿನ ಸುತ್ತ ಅಂಟಿಕೊಂಡೇ ಉಳಿದಿದ್ದ ಚೂರುಗಳನ್ನೂ ಹಳೆಯ ಅಂಟನ್ನೂ ಬ್ಲೇಡಿನಲ್ಲಿ ಕೆತ್ತಿದರು. ಹಳೆಯ ಅಂಟನ್ನು ಪೂರ್ತಿ ತೆಗೆಯಲಿಲ್ಲ, ಒಂದೆರಡು ಮಿಲಿಮೀಟರ್ ಪದರ ಬಿಟ್ಟರು. ಹೊಸ ಅಂಟು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಬ್ಲೇಡು ತಾಗಿ ಬಣ್ಣ ಹೋದಲ್ಲೆಲ್ಲ ಪ್ರೈಮರ್ ಹಚ್ಚಿದರು. ಇಲ್ಲದಿದ್ದರೆ ಮಲೆನಾಡಿನ ಮಳೆಗೆ ಎರಡೇ ವರ್ಷಕ್ಕೆ ಅಲ್ಲಿಂದಲೇ ತುಕ್ಕು. ಗಾಜಿನ ಅಂಚಿಗೆ ಕಪ್ಪು ಪಟ್ಟಿ ಯಾಕಿರುತ್ತದೆ ಎಂದು ಕೇಳಿದೆವು. ಚಂದಕ್ಕೆ ಎಂದುಕೊಂಡಿದ್ದೆವು. ಅಂಟಿಗೆ ಬಿಸಿಲು ತಾಗಬಾರದಲ್ಲ ಅಂದರು.

ವ್ಯಾಕ್ಯೂಮಿಗೆ ಒಂದು ಗಂಟೆ ಹಿಡಿಯಿತು. ಸೀಟಿನ ಸಂದು, ಬೆಲ್ಟಿನ ಬುಡ, ಬಾಗಿಲಿನ ರಬ್ಬರು, ಕೊನೆಗೆ ಆ ಜಾಲರಿ. ಜಾಲರಿ ಬಿಚ್ಚಿ ಅದರ ಫಿಲ್ಟರನ್ನು ಬಿಳಿ ಬಟ್ಟೆಯ ಮೇಲೆ ಕೊಡವಿದರು. ಸಾಸಿವೆ ಗಾತ್ರದ ಏಳೆಂಟು ಚೂರುಗಳು ಬಿದ್ದವು. ಒಳಗೆ ಟಾರ್ಚ್ ಬಿಟ್ಟು ನೋಡಿ, ಆಚೆ ಏನೂ ಹೋಗಿಲ್ಲ ಅಂದರು. ಅಣ್ಣ ಅಷ್ಟು ಹೊತ್ತಿಗೆ ಮೂರನೇ ಚಹಾ ಕುಡಿಯುತ್ತಿದ್ದ.

ಅಂಟಿನ ದಾರ ಎಳೆದು, ಇಬ್ಬರು ಎರಡು ಕಡೆ ಹಿಡಿದು ಗಾಜನ್ನು ಒಂದೇ ಸಲಕ್ಕೆ ಕೂರಿಸಿದರು. ಟೇಪು ಹಚ್ಚಿದರು. ಮಂಜು ಕರಗಿಸುವ ಕೆಂಪು ಗೆರೆಗಳ ತುದಿಗೆ ತಂತಿ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಅಂಗೈ ಇಟ್ಟು ಗೆರೆ ಬೆಚ್ಚಗಾಗುತ್ತದೆಯೇ ನೋಡಿದರು. ಇವತ್ತು ರಾತ್ರಿ ಗಾಡಿ ಅಲುಗಾಡಿಸಬೇಡಿ, ಎರಡು ದಿನ ತೊಳೆಯಬೇಡಿ, ಪಕ್ಕದ ಗಾಜು ಒಂದು ಬೆರಳು ಇಳಿಸಿಟ್ಟೇ ಬಾಗಿಲು ಹಾಕಿ ಎಂದರು. ಎಲ್ಲ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟಿನ ಗಾಜನ್ನು ಹೊರಕ್ಕೆ ತಳ್ಳುತ್ತದಂತೆ. ಅಣ್ಣ ಸನ್ ಫಿಲ್ಮ್ ಹಾಕಿಸಲೇ ಎಂದು ಕೇಳಿದ್ದಕ್ಕೆ, ಹಿಂದಿನ ಗಾಜಲ್ಲಿ 70 ಪರ್ಸೆಂಟ್ ಬೆಳಕು ದಾಟಬೇಕು, ದಂಡ ಕಟ್ಟೋಕೆ ಆಸೆಯಿದ್ದರೆ ಹಾಕ್ತೀನಿ ಅಂದರು. ಬಾಯಿಗೆ ಬಂದ ಕೂಲಿ ಕೇಳಲಿಲ್ಲ. ಸರ್ವಿಸ್ ಸೆಂಟರ್ ಹೇಳಿದ್ದಕ್ಕಿಂತ 2,300 ಕಡಿಮೆಯಾಯಿತು. ಅದರಲ್ಲಿ ಮೂರನೇ ಒಂದು ಪಾಲು ನಾವು ಕೊಟ್ಟೆವು, ಅಣ್ಣ ಬೇಡ ಅಂದಂತೆ ಮಾಡಿ ತೆಗೆದುಕೊಂಡ.

ಗುತ್ತಿಗೆದಾರ ನಮ್ಮ ಕಾಗದಕ್ಕೆ ಉತ್ತರ ಕೊಡಲಿಲ್ಲ. ಅಣ್ಣನ ಫೋನೂ ಎತ್ತುವುದಿಲ್ಲ. ಹಣ ಬರುತ್ತದೆಂಬ ನಂಬಿಕೆ ಅಣ್ಣನಿಗಿಲ್ಲ, ಆದರೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಹೋದ ಶನಿವಾರ ಹುಡುಗನಿಗೆ ನಾವೇ ಫೋನ್ ಮಾಡಿದೆವು. ಈಗ ಸೊರಬದ ಕಡೆ ಹುಲ್ಲು ಹೊಡೆಯುತ್ತಿದ್ದಾನೆ. ಪಗಾರದಲ್ಲಿ ಏನೂ ಹಿಡಿದಿಲ್ಲವಂತೆ. ಗಾರ್ಡ್ ಬಂತಾ ಎಂದು ಕೇಳಿದೆವು.

"ಬಂದಾವ್ರೀ ಅಕ್ಕಾರ, ಎರಡಕ್ಕ. ಇನ್ನ ಎರಡಕ್ಕ ಬರಬೇಕ್ರೀ."