ಹಗುರಾಗಿದ್ದು ಯಾರಿಗೆ?

ಇಲ್ಲಿ ಬರೆದು ಬಹಳ ದಿನ ಆಯ್ತು. ಹೋದ ತಿಂಗಳು ಊರಿಗೆ (ತುರುವೇಕೆರೆ ತಾಲ್ಲೂಕಿನ ಸಂಪಿಗೆ) ಹೋಗಿದ್ದಾಗ ಆದ ಮುಖಭಂಗ ಹೇಳಿಕೊಳ್ಳಬೇಕು ಅನ್ನಿಸ್ತಿದೆ.

ನಮ್ಮ ಕಡೆ ತೆಂಗೇ ಜೀವನ. ಕಾಯಿ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾದರೆ ಉಂಡೆ ಕೊಬ್ಬರಿ. ಅದನ್ನ ತಿಪಟೂರು ಮಾರುಕಟ್ಟೆಗೆ ಒಯ್ಯೋ ಮುಂಚೆ ಹಿಂದಿನ ಟೆಂಡರಿನ ರೇಟು ಗೊತ್ತಿರಬೇಕಲ್ಲ? ಅದಕ್ಕೇಂತ ಅಪ್ಪನಿಗೂ ನೆಂಟರಿಗೂ ಒಂದು ಪುಟ್ಟ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆ. ಕೊನೇ ಟೆಂಡರಿನ ರೇಟು, ಹಳೇ ರೇಟು, ಒಂದು ಗ್ರಾಫ್. ಅಷ್ಟೇ.

ಅದು ಬಾಯಿಂದ ಬಾಯಿಗೆ ಹಬ್ಬಿ, ಟೆಂಡರ್ ದಿನ ಸಂಜೆ ನನ್ನ ಬಡಪಾಯಿ ಬಾಡಿಗೆ ಸರ್ವರ್ ಏದುಸಿರು ಬಿಡೋಕೆ ಶುರುಮಾಡ್ತು. ಯಾರು ಕೇಳಿದರೂ ಪ್ರತಿ ಸಲ ಡೇಟಾಬೇಸ್ ಹುಡುಕಿ, ಪುಟ ಪೂರ್ತಿ ಕಟ್ಟಿ ಕಳಿಸಬೇಕಿತ್ತು. ಇಂಜಿನಿಯರ್ ಬುದ್ಧಿ ನೋಡಿ, "ಪುಟ ಕಟ್ಟೋ ಕೆಲಸ ಅವರವರ ಫೋನೇ ಮಾಡ್ಲಿ" ಅಂತ ಎಲ್ಲಾ ರಿಯಾಕ್ಟ್‌ಗೆ ಬದಲಾಯಿಸಿದೆ. ಸರ್ವರ್ ಬರೀ ಅಂಕಿ ಕೊಟ್ಟರೆ ಸಾಕು. ಗ್ರಾಫ್ ಲೈಬ್ರರಿ, ಅದೂ ಇದೂ ಸೇರಿ ಸ್ಕ್ರಿಪ್ಟ್ 1 ಎಂಬಿ ದಾಟಿತು. ಇರಲಿ ಬಿಡು ಅಂದ್ಕೊಂಡೆ. ಸರ್ವರ್ ಹಗುರಾಯ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಊರಲ್ಲಿ ಅಪ್ಪನ್ನ ಕೇಳಿದೆ, "ರೇಟು ನೋಡ್ತಿದ್ದೀಯಾ?"

"ಅದ್ಯಾಕೋ ಬರೀ ಬೆಳ್ಳಗೆ ಬತ್ತೈತೆ ಕಣಪ್ಪ. ನೋಡೋದು ಬಿಟ್ಟು ಎರಡು ತಿಂಗ್ಳಾಯ್ತು. ನಿಂಗೆ ಕೆಲ್ಸ ಜಾಸ್ತಿ ಇರ್ತೈತೆ ಅಂತ ಹೇಳ್ಲಿಲ್ಲ."

ತೋಟದಲ್ಲಿ ನಿಂತು ಅಪ್ಪನ ಹಳೇ ಫೋನಲ್ಲಿ ತೆರೆದೆ. ಸಿಗ್ನಲ್ಲು ಒಂದೇ ಗೆರೆ. ಹೌದು, ಬೆಳ್ಳಗೆ!

ರಾತ್ರಿ ಲಾಗ್ ನೋಡಿದೆ. ಸ್ಕ್ರಿಪ್ಟ್ ಪೂರ್ತಿ ಇಳಿದು ಓಡಿದ ಮೇಲೇ ತಾನೇ ಫೋನು ಅಂಕಿ ಕೇಳೋದು? ಪುಟ ಕೇಳಿದವರಲ್ಲಿ ಅರ್ಧದಷ್ಟು ಜನ ಅಲ್ಲೀತನಕ ಬಂದೇ ಇರಲಿಲ್ಲ. ಸರ್ವರ್ ಹಗುರಾಗಿದ್ದರಲ್ಲಿ ನನ್ನ ಜಾಣತನ ಎಷ್ಟೋ, ಕಾದು ಕಾದು ಎದ್ದು ಹೋದವರ ಪಾಲೂ ಅಷ್ಟೇ ಇತ್ತು.

ದೊಡ್ಡವರೂ ಎಡವಿದ್ದಾರೆ ಬಿಡಿ. ಟ್ವಿಟರ್ 2010ರಲ್ಲಿ ಪುಟ ಕಟ್ಟೋದನ್ನ ಬ್ರೌಸರಿಗೆ ವಹಿಸಿ, 2012ರಲ್ಲಿ ಮತ್ತೆ ಸರ್ವರಿಗೇ ತಂತು. ಪುಟ ಮೊದಲ ಸಲ ತೆರೆದುಕೊಳ್ಳೋ ಸಮಯ ಐದರಲ್ಲಿ ಒಂದು ಪಾಲಿಗೆ ಇಳಿಯಿತು ಅಂತ ಅವರೇ ಬರೆದುಕೊಂಡಿದ್ದರು.

ಆಮೇಲೆ ಹೊಳೀತು. ರೇಟು ಬದಲಾಗೋದು ಟೆಂಡರ್ ಆದಾಗ ಮಾತ್ರ. ಅದೇ ಪುಟವನ್ನ ಸಾವಿರ ಸಲ ಯಾಕೆ ಕಟ್ಟಬೇಕು? ಒಂದು ಸಲ ಕಟ್ಟಿ ಫೈಲ್ ಮಾಡಿಟ್ಟರೆ ಡೇಟಾಬೇಸ್ ಮುಟ್ಟೋದೇ ಬೇಡ. ಸುಲಿದು ಚೀಲಕ್ಕೆ ತುಂಬಿಟ್ಟ ಕೊಬ್ಬರಿ ಥರ, ಕೇಳಿದವರಿಗೆ ಎತ್ತಿ ಕೊಡೋದಷ್ಟೇ. ಗ್ರಾಫಿಗೆ ಮಾತ್ರ ಪ್ರಿಯಾಕ್ಟ್ ಇಟ್ಟೆ (ಕಂಪ್ರೆಸ್ ಆದರೆ 4 ಕೆಬಿ ಆಸುಪಾಸು), ಅದೂ ರೇಟು ಕಂಡ ಮೇಲೆ ಬರೋ ಹಾಗೆ.

ಫ್ರೇಮ್‌ವರ್ಕ್ ಕೆಟ್ಟದ್ದು ಅಂತಲ್ಲ. ಗಂಟೆಗಟ್ಟಲೆ ಒಂದೇ ಪರದೆ ಮುಂದೆ ಕೂತು ಫಾರಂ, ಫಿಲ್ಟರ್ ಅಂತ ಕೆಲಸ ಮಾಡೋರಿಗೆ ಅದು ಸರಿ. ಒಂದು ಸಲ ಇಳಿದರೆ ಆಮೇಲೆ ಬರೀ ಅಂಕಿ ಓಡಾಡುತ್ತೆ. ರೇಟು ನೋಡಿ ಫೋನು ಜೇಬಿಗಿಡೋರಿಗೆ ಯಾಕೆ? ಭಾರ ಇಳಿಸ್ತಿದೀವಾ, ಇನ್ನೊಬ್ಬರ ತಲೆ ಮೇಲೆ ಹೊರಿಸ್ತಿದೀವಾ ಅಂತ ಮೊದಲೇ ಕೇಳ್ಕೋಬೇಕಿತ್ತು.

ನೆನ್ನೆ ಟೆಂಡರ್ ಆದಮೇಲೆ ಅಪ್ಪನೇ ಫೋನ್ ಮಾಡಿ ರೇಟು ಹೇಳಿದ. ನಾನಿನ್ನೂ ನೋಡಿರಲಿಲ್ಲ :)