ಇನ್‌ಲ್ಯಾಂಡ್ ಕಾಗದದ ಅಂಚು

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನ ಇನ್ನೂ ಉಳಿದುಕೊಂಡಿದೆ. 'ನಿಮ್ಮ ಗೆಳತಿಗೆ ಶಾಲಾ ವಾರ್ಷಿಕೋತ್ಸವದ ಬಗ್ಗೆ ಒಂದು ಪತ್ರ ಬರೆಯಿರಿ.' ಮಕ್ಕಳು ಅಚ್ಚುಕಟ್ಟಾಗಿಯೇ ಬರೆಯುತ್ತಾರೆ. ಕ್ಷೇಮ, ದಿನಾಂಕ, ಸ್ಥಳ, ಕೊನೆಗೆ 'ಇಂತಿ ನಿನ್ನ ಪ್ರೀತಿಯ ಗೆಳತಿ'. ಅಂಕ ಕೊಡದೆ ಇರುವಂತಿಲ್ಲ. ಆದರೆ ಇವರಲ್ಲಿ ಒಬ್ಬಳೂ ಇದುವರೆಗೆ ಒಂದು ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದವಳಲ್ಲ. ಗೆಳತಿಗೆ ಬರೆಯುವುದು ಎಂದರೆ ವಾರ್ಷಿಕೋತ್ಸವದ ವರದಿ ಒಪ್ಪಿಸುವುದು ಎಂದು ನಂಬಿಕೊಂಡಿದ್ದಾರೆ, ಪಾಪ.

ಗೆಳತಿಯರ ಕಾಗದ ಎಂದಾಗ ನನಗೆ ನೆನಪಾಗುವವರು ಇಂಗ್ಲೆಂಡಿನ ಇಬ್ಬರು ಹೆಂಗಸರು. ರಾಜಾಜಿನಗರದ ಮೇಷ್ಟರಮ್ಮನಿಗೂ ಅವರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎನ್ನಬೇಡಿ. ಬಿ.ಎ.ಯಲ್ಲಿ ನನ್ನದು ಇಂಗ್ಲಿಷ್ ಸಾಹಿತ್ಯ ಐಚ್ಛಿಕ ವಿಷಯ. ಒಂದು ದಿನ ತರಗತಿಯಲ್ಲಿ ಡಾಕ್ಟರ್ ಜಾನ್ಸನ್ನನ ಮಾತು ಬಂತು: ತನ್ನ ಹಳೆಯ ಸ್ನೇಹಿತೆ ಎಲಿಜಬೆತ್ ಕಾರ್ಟರ್ ಗ್ರೀಕಿನಿಂದ ಎಪಿಕ್ಟೀಟಸನನ್ನು ಅನುವಾದಿಸಬಲ್ಲಳು, ಅಷ್ಟೇ ಚೆನ್ನಾಗಿ ಪುಡ್ಡಿಂಗನ್ನೂ ಮಾಡಬಲ್ಲಳು ಎಂದು ಆತ ಹೊಗಳಿದನಂತೆ. ಹುಡುಗರು ನಕ್ಕರು. ನಾನು ಆ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡೆ. ಪುಡ್ಡಿಂಗ್ ಮಾಡದೆ ಬರೀ ಗ್ರೀಕ್ ಓದಿದ್ದರೆ ಆತ ಏನೆನ್ನುತ್ತಿದ್ದನೋ!

ಕಾರ್ಟರ್ (1717–1806) ಪಾದ್ರಿಯ ಮಗಳು, ಡೀಲ್ ಎಂಬ ಕಡಲತೀರದ ಊರಿನವಳು. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಏಳಬೇಕೆಂದು ಹಾಸಿಗೆಯ ತಲೆದೆಸೆಯಲ್ಲಿ ಗಂಟೆ ಕಟ್ಟಿಸಿ, ಅದರ ಹಗ್ಗವನ್ನು ಕೆಳಗಿನ ತೋಟಕ್ಕೆ ಇಳಿಬಿಟ್ಟಿದ್ದಳಂತೆ. ಚರ್ಚಿನ ಆಳು ಹೋಗುವಾಗ ಅದನ್ನೆಳೆದು ಎಬ್ಬಿಸುತ್ತಿದ್ದ. ರಾತ್ರಿ ನಿದ್ದೆ ತೂಗದಿರಲು ನಶ್ಯ, ಹಸಿರು ಚಹ, ತಲೆಗೆ ಒದ್ದೆ ಬಟ್ಟೆ. ನಾಲ್ಕೂವರೆಗೆ ಎದ್ದು ಇಡ್ಲಿ ಬೇಯಿಸಿಟ್ಟು, ಸಿ.ಸಿ.ಇ. ರಿಜಿಸ್ಟರ್ ಮುಗಿಸಿ ಶಾಲೆಗೆ ಓಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1741ರಲ್ಲಿ ಅವಳಿಗೆ ಕ್ಯಾಥರಿನ್ ಟಾಲ್ಬಟ್‌ಳ ಪರಿಚಯವಾಯಿತು. ಈಕೆ ಸೆಕರ್ ಎಂಬ ಬಿಷಪ್ಪರ ಮನೆಯಲ್ಲಿ ತಾಯಿಯೊಂದಿಗೆ ಬೆಳೆದವಳು. ಮುಂದೆ ಸುಮಾರು ಮೂವತ್ತು ವರ್ಷ, ಟಾಲ್ಬಟ್ ಸಾಯುವವರೆಗೆ, ಅವರಿಬ್ಬರ ನಡುವೆ ಕಾಗದ ಓಡಾಡಿತು. ಏನು ಓದಿದೆ, ಯಾವುದು ಹಿಡಿಸಲಿಲ್ಲ, ನೀನೇನು ಬರೆಯುತ್ತಿದ್ದೀಯೆ, ಏಕೆ ಬರೆಯುತ್ತಿಲ್ಲ? ಎಪಿಕ್ಟೀಟಸನನ್ನು ಇಂಗ್ಲಿಷಿಗೆ ತರುವಂತೆ ಕೇಳಿದವಳು ಟಾಲ್ಬಟ್. ಕಾರ್ಟರ್ ಅನುವಾದಿಸಿದ್ದನ್ನು ಹಾಳೆ ಹಾಳೆಯಾಗಿ ಕಳಿಸಿದಳು. 1758ರಲ್ಲಿ ಪುಸ್ತಕ ಅಚ್ಚಾಗಿ ಸುಮಾರು ಸಾವಿರ ಪೌಂಡು ಬಂತು. ಆ ಹಣದಿಂದ ಅವಳು ಯಾರ ಹಂಗೂ ಇಲ್ಲದೆ ಬದುಕಿದಳು.

ಟಾಲ್ಬಟ್ ಮಾತ್ರ ತಾನು ಬರೆದದ್ದನ್ನೆಲ್ಲ ಮುಚ್ಚಿಟ್ಟಳು. ಅಚ್ಚು ಹಾಕಿಸು ಎಂದು ಕಾರ್ಟರ್ ಎಷ್ಟು ಒತ್ತಾಯಿಸಿದರೂ ಕೇಳಲಿಲ್ಲ. 1770ರಲ್ಲಿ ಅವಳು ತೀರಿಕೊಂಡ ಮೇಲೆ ಕಾರ್ಟರ್ ಸ್ವಂತ ಖರ್ಚಿನಲ್ಲಿ ಅವಳ ಪುಸ್ತಕ ಪ್ರಕಟಿಸಿದಳು. ಅದು ಮತ್ತೆ ಮತ್ತೆ ಅಚ್ಚಾಯಿತು. 1809ರ ಹೊತ್ತಿಗೆ ಇಬ್ಬರ ಕಾಗದಗಳೂ ಸಂಪುಟಗಳಾಗಿ ಬಂದವು. ಒಬ್ಬಳ ಒತ್ತಾಯಕ್ಕೆ ಇನ್ನೊಬ್ಬಳು ಬರೆದಳು. ಇವಳು ಮುಚ್ಚಿಟ್ಟಿದ್ದನ್ನು ಅವಳು ತೆರೆದಳು.

ಆಗಿನ ಕಾಗದಗಳ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಅವು ಗುಟ್ಟಿನ ಕಾಗದಗಳಲ್ಲ. ಬಂದ ಕಾಗದವನ್ನು ಮನೆಮಂದಿಯ ಮುಂದೆ ಗಟ್ಟಿಯಾಗಿ ಓದುವುದಿತ್ತು, ನೆಂಟರಿಗೆ ತೋರಿಸುವುದಿತ್ತು. ಹತ್ತು ಕಣ್ಣು ಓದುವಂತಿದ್ದೂ ಒಬ್ಬಳಿಗೆ ಮಾತ್ರ ತಿಳಿಯುವಂತೆ ಬರೆಯಬೇಕು. ಇಬ್ಬರೂ ಓದಿದ ಪುಸ್ತಕವೊಂದು ನಡುವೆ ಇದ್ದರೆ ಅದು ಸಾಧ್ಯವಾಗುತ್ತದೆ.

ನಮ್ಮಲ್ಲಿ ಇಂಥ ಪತ್ರಸಂಪುಟಗಳು ಕಡಿಮೆ. ಓದಿದ ಹೆಂಗಸರು ಇರಲಿಲ್ಲವೆಂದಲ್ಲ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ (1887–1982) ಮನೆಯಲ್ಲಿ ಕೂತು ಓದಿ, ಬರೆದು, 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನೇ ಆರಂಭಿಸಿದರು; 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆಯನ್ನು ದಶಕಗಳ ಕಾಲ ಎಳೆದುಕೊಂಡು ಬಂದರು. ಚಾಮರಾಜಪೇಟೆಯ ಮಕ್ಕಳ ಕೂಟ ಕಟ್ಟಿದವರೂ ಅವರೇ. ಹೊಸಿಲು ದಾಟಲಾಗದ ಹೆಂಗಸರಿಗೆ ಆ ಪತ್ರಿಕೆಗಳೇ ಗೆಳತಿಯ ಕಾಗದವಾಗಿದ್ದಿರಬೇಕು. ಆದರೆ ಅವನ್ನೋದಿ ಅಕ್ಕ ತಂಗಿಗೆ, ತವರಿನ ಗೆಳತಿಗೆ ಬರೆದ ಕಾಗದಗಳು? ದೊಡ್ಡ ಸಾಹಿತಿಗಳ ಪತ್ರಗಳು ಬೈಂಡಾಗಿ ಕಪಾಟು ಸೇರಿದವು. ಹೆಂಗಸರವು ಬಚ್ಚಲ ಒಲೆ ಸೇರಿದವು.

ಈಗ ನನ್ನ ಟ್ರಂಕಿನ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಒಬ್ಬ ಗೆಳತಿಯ ಅರವತ್ತೊಂದು ಇನ್‌ಲ್ಯಾಂಡ್ ಕಾಗದಗಳಿವೆ. ಬಿ.ಎಡ್.ನಲ್ಲಿ ಒಂದೇ ಬೆಂಚಿನವರು ನಾವು. 1994ರಲ್ಲಿ ಅವಳು ಮದುವೆಯಾಗಿ ಸಾಗರದ ಕಡೆಯ ಹಳ್ಳಿಯೊಂದರ ದೊಡ್ಡ ಸಂಸಾರಕ್ಕೆ ಹೋದಳು. ಹೋಗುವ ಮುಂಚೆ ಒಪ್ಪಂದ ಮಾಡಿಕೊಂಡೆವು: ತಿಂಗಳಿಗೊಂದು ಪುಸ್ತಕ, ಇಬ್ಬರೂ ಒಂದೇ ಪುಸ್ತಕ. ಅವಳು ಸಾಗರದಿಂದ ಹೇಗೋ ತರಿಸಿಕೊಳ್ಳುತ್ತಿದ್ದಳು, ಸಿಗದಿದ್ದರೆ ನಾನು ಬುಕ್‌ಪೋಸ್ಟಿನಲ್ಲಿ ಕಳಿಸುತ್ತಿದ್ದೆ. ನನಗೆ ನಮ್ಮ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ಭಾನುವಾರ ವಿಜಯನಗರದ ಅಕ್ಕನ ಮನೆಗೆ ಹೋದರೆ ಹಂಪಿನಗರದ ಗ್ರಂಥಾಲಯವಿತ್ತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನಿಂದ ಶುರು ಮಾಡಿದೆವು. ಆಮೇಲೆ ವೈದೇಹಿ, ಅನುಪಮಾ ನಿರಂಜನ, ತ್ರಿವೇಣಿ.

ಇನ್‌ಲ್ಯಾಂಡ್ ಕಾಗದ ನಿಮಗೆ ನೆನಪಿದೆಯಷ್ಟೆ? ನೀಲಿ ಹಾಳೆ, ಮೂರು ಮಡಿಕೆ, ಒಳಗೆ ಏನನ್ನೂ ಇಡುವಂತಿಲ್ಲ. ಜಾಗ ಮುಗಿದ ಮೇಲೆ ನಿಜವಾದ ಮಾತು ನೆನಪಾಗುತ್ತಿತ್ತು. ಅದು ಗೋಂದು ಹಚ್ಚುವ ಅಂಚಿನಲ್ಲಿ ಇರುವೆ ಸಾಲಿನಂತೆ ಹರಿಯುತ್ತಿತ್ತು. ನನ್ನ ಕಾಗದ ಅವಳ ಅತ್ತೆಯವರ ಕೈ ದಾಟಿಯೇ ಅವಳಿಗೆ ಸಿಗುತ್ತಿತ್ತು. ಅವಳದನ್ನು ಮೈದುನ ಅಂಟಿಸಿ ಪೇಟೆಯಲ್ಲಿ ಅಂಚೆಗೆ ಹಾಕುತ್ತಿದ್ದ. ಹಾಗಾಗಿ ಅವಳ ಮನೆಯ ಸುದ್ದಿ ಕಾಗದದಲ್ಲಿ ಯಾವಾಗಲೂ ಸುಖವಾಗಿಯೇ ಇರುತ್ತಿತ್ತು.

'ಶರಪಂಜರ'ದ ಬಗ್ಗೆ ನಾವು ಆರು ಕಾಗದಗಳಷ್ಟು ಜಗಳವಾಡಿದ್ದೇವೆ. ಹೆರಿಗೆಯ ನಂತರ ಬುದ್ಧಿ ಕೆಟ್ಟ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ, ಆದರೆ ಮನೆ, ನೆರೆಹೊರೆ, ಕಟ್ಟಿಕೊಂಡವನು, ಯಾರೂ ಅವಳನ್ನು ವಾಸಿಯಾದವಳೆಂದು ನಂಬುವುದಿಲ್ಲ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ಅವಳನ್ನು ಪುನಃ ಆಸ್ಪತ್ರೆಗೆ ಕಳಿಸಿದ್ದು ಅನ್ಯಾಯ ಎಂದು ಇವಳ ವಾದ. ಸುಖಾಂತ ಮಾಡಿದ್ದರೆ ನಾವಿಬ್ಬರೂ ಪುಸ್ತಕ ಮುಚ್ಚಿ ಮಲಗುತ್ತಿದ್ದೆವು, ಹೀಗೆ ಜಗಳವಾಡುತ್ತಿರಲಿಲ್ಲ ಎಂದು ನನ್ನದು. ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಹೆತ್ತು ಕೆಲವೇ ದಿನಕ್ಕೆ, 1963ರಲ್ಲಿ, ತ್ರಿವೇಣಿಯವರೇ ತೀರಿಕೊಂಡರೆಂಬುದನ್ನು ನೆನೆದರೆ ಆ ಪುಸ್ತಕ ಕೈಯಲ್ಲಿ ಭಾರವಾಗುತ್ತದೆ.

1998ರಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಇಲ್ಲದವಳು, ಬಾಣಂತನ ಅತ್ತೆಮನೆಯಲ್ಲೇ. ತಿಂಗಳಾದ ಮೇಲೆ ಒಂದು ಕಾಗದ ಬಂತು. ಮಗು ಹಾಲು ಕುಡಿಯುತ್ತಿದೆ, ತೊಟ್ಟಿಲು ಶಾಸ್ತ್ರ ಆಯಿತು, ಮಳೆ ಜೋರು, ಎಲ್ಲರೂ ಸೌಖ್ಯ. ಅಂಚಿನಲ್ಲಿ ಒಂದೇ ಸಾಲು: 'ಈಚೆಗೆ ಕಾವೇರಿ ದಿನಾ ನೆನಪಾಗುತ್ತಾಳೆ ಕಣೇ. ರಾತ್ರಿಯೆಲ್ಲಾ ಜೊತೆಗೇ ಇರುತ್ತಾಳೆ.'

ಮೈದುನ ಓದಿದ್ದರೆ ಯಾರೋ ಸಹಪಾಠಿ ಎಂದುಕೊಂಡಿರುತ್ತಾನೆ. ನಾನು ಎರಡು ದಿನ ಸಿ.ಎಲ್. ಹಾಕಿ ಅಂದೇ ರಾತ್ರಿ ಮೆಜೆಸ್ಟಿಕ್‌ನಲ್ಲಿ ಸಾಗರದ ಬಸ್ಸು ಹತ್ತಿದೆ.

ಅವಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಎಷ್ಟು ರಾತ್ರಿ ನಿದ್ದೆಯಿಲ್ಲವೋ, ಕಣ್ಣು ಗುಳಿಬಿದ್ದಿತ್ತು. ನನ್ನ ಕೈ ಹಿಡಿದವಳು ಬಿಡಲಿಲ್ಲ. ಮಗುವಿಗೆ ನನ್ನಿಂದ ಏನಾದರೂ ಆಗಿಬಿಡುತ್ತದೆ ಎಂದು ಮೆಲ್ಲಗೆ ಹೇಳಿದಳು. ಅಡಿಗೆಮನೆಗೆ ಹೋಗಿ ಅತ್ತೆಯವರ ಹತ್ತಿರ ಹೇಗೆ ಮಾತು ತೆಗೆಯಲಿ ಎಂದು ತಡವರಿಸುತ್ತಿದ್ದೆ. ಸುಮ್ಮನೆ 'ಶರಪಂಜರ' ಎಂದೆ. ಅವರು ಒಲೆಯ ಮುಂದಿನಿಂದ ಎದ್ದು ನಿಂತರು. "ಕಲ್ಪನಾ ಮಾಡಿದ್ದಲ್ಲವಾ? ನಾನು ಸಾಗರದಲ್ಲಿ ನೋಡಿದ್ದೇನೆ. ನೀವು ಕಾಗದದಲ್ಲಿ ಜಗಳವಾಡಿದ ಮೇಲೆ ಪುಸ್ತಕವನ್ನೂ ಓದಿದೆ. ಬಾಣಂತಿ ಸನ್ನಿ ಏನೇ ಇದು?" ಎಂದರು. ಇಷ್ಟು ವರ್ಷ ನಮ್ಮ ಕಾಗದಗಳನ್ನು ಅವರು ಒಡೆಯುತ್ತಿದ್ದುದು ಪುಸ್ತಕದ ಹೆಸರಿಗಾಗಿ! 'ಫಣಿಯಮ್ಮ'ನನ್ನೂ ಹಾಗೆಯೇ ಸೊಸೆಯ ದಿಂಬಿನಡಿಯಿಂದ ತೆಗೆದು ಓದಿ ಮುಗಿಸಿದ್ದರಂತೆ.

ಮಾರನೆಯ ದಿನ ಮಗನನ್ನು ಹೊರಡಿಸಿ ಶಿವಮೊಗ್ಗದ ವೈದ್ಯರಲ್ಲಿಗೆ ಕರೆದೊಯ್ದವರು ಅವರೇ. ರಾತ್ರಿ ಮಗುವನ್ನು ತಮ್ಮ ಪಕ್ಕ ಮಲಗಿಸಿಕೊಂಡು ಸೊಸೆಗೆ ನಿದ್ದೆ ಮಾಡಲು ಬಿಟ್ಟರು. ಗುಣವಾಗಲು ನಾಲ್ಕೈದು ತಿಂಗಳು ಹಿಡಿಯಿತು. ಊರಿನವರು ಅಂದದ್ದನ್ನು ಅಂದರು. ಆ ಮನೆಯಲ್ಲಿ ಮಾತ್ರ ಯಾರೂ ಅವಳನ್ನು ವಾರೆಗಣ್ಣಿನಿಂದ ನೋಡಲಿಲ್ಲ. ಕಥೆಯ ಮುಂದಿನ ಭಾಗ ಅತ್ತೆಗೆ ಗೊತ್ತಿತ್ತಲ್ಲ!

ಮನೆಗೆ ಫೋನು ಬಂದ ಮೇಲೆ, 2002ರ ಸುಮಾರಿಗೆ, ಕಾಗದ ನಿಂತಿತು. ಫೋನಿನಲ್ಲಿ ಪುಸ್ತಕದ ಮಾತು ಬರುವುದರೊಳಗೆ ಕುಕ್ಕರ್ ಕೂಗುತ್ತದೆ. ನಾನು ಬರೆದ ಕಾಗದಗಳು ಉಳಿದಿಲ್ಲ; ಅತ್ತೆಯವರು ಹೋದ ಮೇಲೆ ಮನೆ ರಿಪೇರಿಯ ಗಲಾಟೆಯಲ್ಲಿ ಅಟ್ಟದ ರದ್ದಿಯ ಜೊತೆ ಹೋದವಂತೆ. ಅವಳದು ನನ್ನ ಹತ್ತಿರ ಇದೆ. ಸುಟ್ಟುಬಿಡೇ, ನಾಚಿಕೆ ಎಂದು ಎಷ್ಟು ಸಲ ಹೇಳಿದಳೋ, ನಾನು ಕಿವಿಗೆ ಹಾಕಿಕೊಂಡಿಲ್ಲ.

ಈಗ ಅವರು ಕೆಂಗೇರಿ ಉಪನಗರದಲ್ಲಿದ್ದಾರೆ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿದರೆ ಹೋಗಿಬರುವುದು ಸುಲಭ. ಆ ಮಗುವೇ ಈಗ ಏಳು ತಿಂಗಳ ಬಸುರಿ. ಹೋದ ತಿಂಗಳು ಅವಳು ಫೋನು ಮಾಡಿ, "ಆ ಕಾಗದ ಇದೆಯೇನೇ? ತಗೊಂಡು ಬಾ, ಇವಳಿಗೆ ತೋರಿಸಬೇಕು" ಎಂದಳು. ತೋರಿಸಿದೆವು. ಹುಡುಗಿ ಕನ್ನಡಕ ಸರಿಮಾಡಿಕೊಂಡು ಅಂಚಿನ ಸಾಲನ್ನು ಎರಡು ಸಲ ಓದಿ, "ಕಾವೇರಿ ಯಾರು ಆಂಟಿ?" ಎಂದಳು. ನಾನು ಚೀಲದಿಂದ ಪುಸ್ತಕ ತೆಗೆದುಕೊಟ್ಟೆ. ಅವಳಮ್ಮ ಅದನ್ನು ನಡುವೆಯೇ ಕಸಿದುಕೊಂಡು, ಕೊನೆಯ ಅಧ್ಯಾಯಗಳಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, "ಇಲ್ಲಿಂದ ಮುಂದೆ ಹೆರಿಗೆ ಆದಮೇಲೆ" ಎಂದು ವಾಪಸು ಕೊಟ್ಟಳು.